ಜಾರ್ಜಿಯನ್ ಕ್ರಿಯಾವಿಶೇಷಣ: '-ಅದ್' ಬೇಕೋ, '-ಇತ್' ಬೇಕೋ?

ಗುಣ ಹೇಳುವ ಪದ ಕೈಯಲ್ಲಿದ್ದರೆ '-ಅದ್' ಹಚ್ಚಿ. ಕರ್ಗಿ ಅಂದರೆ ಒಳ್ಳೆಯ, ಕರ್ಗದ್ ಅಂದರೆ ಚೆನ್ನಾಗಿ. ಕಾರ್ತುಲದ್ ಅಂದರೆ ಜಾರ್ಜಿಯನ್‌ನಲ್ಲಿ. ನಮ್ಮ 'ಆಗಿ'ಗೆ ಇದು ತುಂಬಾ ಹತ್ತಿರ. 'ಡಾಕ್ಟರಾಗಿ ಕೆಲಸ ಮಾಡುತ್ತೇನೆ' ಅನ್ನುವುದಕ್ಕೂ ಅದೇ ಪ್ರತ್ಯಯ: ಎಕಿಮದ್ ವ್ಮುಶಾಒಬ್. ಕನ್ನಡದವರಿಗೆ ಎಂಥ ಅನುಕೂಲ, ಅಲ್ವಾ!

ನಾಮಪದದಿಂದ ಹೊರಟರೆ ಹೆಚ್ಚಾಗಿ '-ಇತ್', ನಮ್ಮ 'ಇಂದ'ದ ಹಾಗೆ. ಸಿಯಾಮೊವ್ನೆಬಿತ್ ಅಂದರೆ ಸಂತೋಷದಿಂದ. ಫೆಖಿತ್ ಅಂದರೆ ಕಾಲ್ನಡಿಗೆಯಲ್ಲಿ. ಘಾಮಿತ್ ಅಂದರೆ ರಾತ್ರಿ ಹೊತ್ತು.

ಕೆಲವಕ್ಕೆ ಬರೀ '-ಅ' ಸಾಕು: ನೆಲಿ (ನಿಧಾನದ) ನೆಲಾ ಆಗುತ್ತದೆ, ಚ್ಕಾರಿ (ವೇಗದ) ಚ್ಕಾರಾ. ಇವನ್ನು ಸುಮ್ನೆ ಬಾಯಿಪಾಠ ಮಾಡಿಬಿಡಿ.

ಹೊಸಬರು '-ಅದ್'ನಿಂದಲೇ ಶುರು ಮಾಡಿ. ಜಾಸ್ತಿ ಬಳಕೆಯಾಗುವುದು ಅದೇ. '-ಇತ್' ಪದಗಳನ್ನು ಮಾತಿನಲ್ಲಿ ಸಿಕ್ಕಂತೆ ಕಲಿಯಬಹುದು.