ಮಡ್ ಮರಳಿ ಬಾರದ ಬಾವಿ: ಎಲ್‌ಸಿಎಂ, ಸಿಮೆಂಟ್, ಪಿಎಂಸಿಡಿ ಹೋಲಿಕೆ

ತೈಲ, ಅನಿಲದ ಬಾವಿ ಕೊರೆಯುವಾಗ ಸುಣ್ಣಕಲ್ಲಿನ ಪದರದಲ್ಲಿ ಬಿರುಕುಗಳೂ ಪೊಳ್ಳುಗಳೂ ಎದುರಾಗಿ, ಪಂಪ್ ಮಾಡಿದ ಮಡ್ (ಕೊರೆತದ ದ್ರವ) ಹನಿಯಷ್ಟೂ ಮೇಲಕ್ಕೆ ಬಾರದಂತಾದಾಗ ನಾನು ಮೊದಲು ಆರಿಸುವುದು ಪಿಎಂಸಿಡಿ, ಅಂದರೆ ಒತ್ತಡವನ್ನು ಹಿಡಿದಿಟ್ಟುಕೊಂಡು ನಡೆಸುವ ಮಡ್ ಕ್ಯಾಪ್ ಡ್ರಿಲ್ಲಿಂಗ್. ಇದೇ ಬಗೆಯ ಪದರಗಳಲ್ಲಿ ಎಲ್‌ಸಿಎಂ ಪಿಲ್ (ಬಿರುಕು ಮುಚ್ಚುವ ಕಣಗಳನ್ನು ಬೆರೆಸಿದ ಒಂದಿಷ್ಟು ಮಡ್) ಮತ್ತು ಸಿಮೆಂಟ್ ಪ್ಲಗ್ (ಬಾವಿಯೊಳಗೆ ಇಳಿಸಿ ಗಟ್ಟಿಮಾಡುವ ಸಿಮೆಂಟ್ ಬಿರಡೆ) ಎರಡನ್ನೂ ಬಳಸಿ ನೋಡಿದ ಮೇಲೆಯೇ ಈ ಮಾತು ಹೇಳುತ್ತಿದ್ದೇನೆ.

ಪದರದೊಳಕ್ಕೆ ಹೋಗಿಬಿಡುವ ಮಡ್‌ನ ನಷ್ಟ ಗಂಟೆಗೆ 10ರಿಂದ 100 ಬ್ಯಾರೆಲ್‌ನಷ್ಟಿದ್ದರೆ ಎಲ್‌ಸಿಎಂ ಒಳ್ಳೆಯದು, ಅಗ್ಗವೂ ಹೌದು. ಅದಕ್ಕಿಂತ ಮೇಲೆ ಹೋದರೆ ಬಿರುಕಿನ ಅಗಲ ತಿಳಿಯದೆಯೇ ಕಣದ ಗಾತ್ರವನ್ನು ಆರಿಸಬೇಕಾಗುತ್ತದೆ. ಸಣ್ಣ ಕಣ ಬಿರುಕಿನೊಳಗೆ ಹರಿದುಹೋಗುತ್ತದೆ, ದೊಡ್ಡ ಕಣ ಬಿಟ್‌ನ (ಕೊರೆಯುವ ತುದಿಯ) ನಾಜಲ್ ಮತ್ತು ಕೊರೆಯುತ್ತಲೇ ಅಳತೆ ತೆಗೆಯುವ ಎಂಡಬ್ಲ್ಯುಡಿ ಉಪಕರಣದಲ್ಲಿ ಕಟ್ಟಿಕೊಳ್ಳುತ್ತದೆ.

ಸಿಮೆಂಟ್‌ನ ವಿಷಯದಲ್ಲಿ ನನ್ನ ಆಕ್ಷೇಪ ಅದರ ತೂಕದ ಬಗ್ಗೆ. ಬಾವಿಗಳಿಗೆ ಬಳಸುವ ಸಾಮಾನ್ಯ ಜಿ ವರ್ಗದ ಸಿಮೆಂಟ್ ಸ್ಲರಿಯ (ನೀರಿನಲ್ಲಿ ಕಲಸಿದ ಸಿಮೆಂಟ್‌ನ) ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.9 ಗ್ರಾಂ. ನೀರನ್ನೇ ತಡೆದುಕೊಳ್ಳದ ಪದರಕ್ಕೆ ಅಷ್ಟು ಭಾರದ ದ್ರವವನ್ನು ಇಳಿಸಿದರೆ ಅದು ಗಟ್ಟಿಯಾಗುವ ಮೊದಲೇ ದೂರ ಸರಿದುಹೋಗುತ್ತದೆ. ನಿಂತರೂ, ಗಟ್ಟಿಯಾಗುವವರೆಗೆ ಕಾದು, ಮತ್ತೆ ಅದನ್ನೇ ಕೊರೆದು, ಮುಂದಿನ ಬಿರುಕಿನಲ್ಲಿ ಎಲ್ಲವನ್ನೂ ಮೊದಲಿನಿಂದ ಆರಂಭಿಸಬೇಕು.

ಪಿಎಂಸಿಡಿ ಈ ಬಿರುಕುಗಳನ್ನು ಮುಚ್ಚಲು ಹೋಗುವುದಿಲ್ಲ. ಡ್ರಿಲ್ ಪೈಪ್‌ನಲ್ಲಿ ಇಳಿಯುವ ನೀರು ಕೊರೆದ ಪುಡಿಯನ್ನು ಬಿರುಕಿನೊಳಕ್ಕೇ ತಳ್ಳುತ್ತದೆ. ಬಾವಿಯ ತಲೆಯಲ್ಲಿ ಆರ್‌ಸಿಡಿ (ತಿರುಗುವ ಪೈಪ್‌ನ ಸುತ್ತ ಒತ್ತಡ ಹಿಡಿದಿಡುವ ಮುಚ್ಚಳ) ಆನ್ಯುಲಸ್ ಅನ್ನು, ಅಂದರೆ ಪೈಪ್ ಮತ್ತು ಬಾವಿಯ ಗೋಡೆಯ ನಡುವಿನ ಜಾಗವನ್ನು, ಮುಚ್ಚಿರುತ್ತದೆ, ಅದರ ಕೆಳಗೆ ಪದರದ ಒತ್ತಡಕ್ಕಿಂತ ತುಸು ಹಗುರವಾದ ಮಂದ ಮಡ್ ನಿಂತಿರುತ್ತದೆ. ಗ್ಯಾಸ್ ಮೇಲೇರಿದರೆ ಗೇಜ್‌ನಲ್ಲಿ ಒತ್ತಡ ಏರುವುದು ಕಾಣುತ್ತದೆ, ಆಗ ಇನ್ನಷ್ಟು ಮಡ್ ಪಂಪ್ ಮಾಡಿ ಅದನ್ನು ಹಿಂದಕ್ಕೆ ತಳ್ಳಬಹುದು. ತೆರೆದ ಆನ್ಯುಲಸ್‌ನಲ್ಲಿ ಈ ಸೂಚನೆಯೇ ಸಿಗುವುದಿಲ್ಲ: 1.2 ಸಾಂದ್ರತೆಯ ಮಡ್ 100 ಮೀಟರ್ ಕುಸಿದರೆ ಸುಮಾರು 12 ಬಾರ್ ಒತ್ತಡ ಇಲ್ಲವಾಗುತ್ತದೆ, ಮೇಲಿನ ಯಾವುದೋ ಪದರದಿಂದ ಕಿಕ್ (ಪದರದ ದ್ರವ ಅಥವಾ ಗ್ಯಾಸ್ ಬಾವಿಯೊಳಕ್ಕೆ ನುಗ್ಗುವುದು) ಬರಲು ಅಷ್ಟೇ ಸಾಕಾಗಬಹುದು. ಹೈಡ್ರೋಜನ್ ಸಲ್ಫೈಡ್ ಇರುವ ಬಾವಿಯಲ್ಲಿ ವಿಷಾನಿಲ ರಿಗ್‌ನವರೆಗೆ ಬಾರದೆ ಕೆಳಗೇ ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೂ ನಾನು ಈ ವಿಧಾನವನ್ನು ಆರಿಸಿಯೇನು.

ಇದರಲ್ಲಿ ನನ್ನನ್ನು ನಿಜವಾಗಿ ಕಾಡಿದ್ದು ಆರ್‌ಸಿಡಿಯೊಳಗಿನ ರಬ್ಬರ್. ಅದರ ಒಳವ್ಯಾಸ ಪೈಪ್‌ಗಿಂತ ಚಿಕ್ಕದು. ಪೈಪ್ ಅನ್ನು ಬಿಗಿಯಾಗಿ ಅಪ್ಪಿಕೊಂಡು ಅದರೊಂದಿಗೇ ತಿರುಗುತ್ತದೆ, ಪ್ರತಿ ಟೂಲ್ ಜಾಯಿಂಟ್ (ಪೈಪ್‌ಗಳನ್ನು ಜೋಡಿಸುವ ದಪ್ಪನೆಯ ಭಾಗ) ಹಾದುಹೋಗುವಾಗಲೂ ಹಿಗ್ಗಬೇಕಾಗುತ್ತದೆ. ಪೈಪ್ ಮೇಲೆ ಅದನ್ನು ಹಿಡಿಯುವ ಟಾಂಗ್ ಮತ್ತು ಸ್ಲಿಪ್ ಎಂಬ ಸಲಕರಣೆಗಳ ಹಲ್ಲುಗಳು ಎಬ್ಬಿಸಿದ ಏಣುಗಳಿದ್ದರೆ ಅವು ಅರದಂತೆ ರಬ್ಬರನ್ನು ಉಜ್ಜಿಹಾಕುತ್ತವೆ. ಮಾಸ್ಟ್ (ರಿಗ್‌ನ ಗೋಪುರ) ಬಾವಿಯ ತಲೆಗೆ ನೇರವಾಗಿರದಿದ್ದರಂತೂ ಪೈಪ್ ಸದಾ ಒಂದೇ ಬದಿಗೆ ಒರಗಿ, ಆ ಬದಿಯೊಂದೇ ಸವೆಯುತ್ತದೆ.

ಸೋರಿಕೆ ಶುರುವಾದರೆ ತಿರುಗಿಸುವುದನ್ನು ನಿಲ್ಲಿಸಿ, ಕೆಳಗಿನ ಆನ್ಯುಲರ್ ಬಿಒಪಿ (ಪೈಪ್‌ನ ಸುತ್ತ ಬಾವಿಯನ್ನು ಮುಚ್ಚುವ ಸುರಕ್ಷತಾ ಕವಾಟ) ಮುಚ್ಚಿ, ನಡುವೆ ಉಳಿದ ಒತ್ತಡವನ್ನು ಇಳಿಸಿದ ಮೇಲಷ್ಟೇ ರಬ್ಬರ್ ಬದಲಿಸಲು ಸಾಧ್ಯ. ಅಷ್ಟು ಹೊತ್ತೂ ಪೈಪ್ ಅಲುಗಾಡದೆ ನಿಂತಿರುತ್ತದೆ, ಸುತ್ತ ಪುಡಿ ಕುಳಿತು ಅದು ಸಿಕ್ಕಿಕೊಳ್ಳುವ ಭಯವೂ ಜೊತೆಗಿರುತ್ತದೆ. ನಮಗೆ ಆರ್‌ಸಿಡಿ ಬಾಡಿಗೆಗೆ ಕೊಟ್ಟವರು ಬಿಡಿ ರಬ್ಬರ್‌ಗಳನ್ನು ತೀರ ಕಡಿಮೆ ಕಳುಹಿಸಿದ್ದರು; ಸವೆತ ಕಣ್ಣಿಗೆ ಕಾಣುತ್ತಿದ್ದರೂ ಸೋರುವವರೆಗೆ ಅದನ್ನೇ ದುಡಿಸಬೇಕಾಯಿತು. ಈಗ ಬಿಡಿ ರಬ್ಬರ್‌ಗಳ ಸಂಖ್ಯೆಯನ್ನು ಬಾಡಿಗೆ ಕರಾರಿನಲ್ಲೇ ಬರೆಸುತ್ತೇನೆ, ಪೈಪ್‌ನ ಏಣುಗಳನ್ನು ಉಜ್ಜಿಸುತ್ತೇನೆ, ಮಾಸ್ಟ್ ನೇರವಿದೆಯೇ ಎಂದು ಅಳೆಸಿದ ಮೇಲೆಯೇ ಕೊರೆಯಲು ಬಿಡುತ್ತೇನೆ. ತೈಲ ಆಧಾರಿತ ಮಡ್ ಆನ್ಯುಲಸ್‌ನಲ್ಲಿದ್ದರೆ ಸಹಜ ರಬ್ಬರ್ ಉಬ್ಬಿ ಕೆಡುವುದರಿಂದ ನೈಟ್ರೈಲ್ ರಬ್ಬರನ್ನೇ ಕೇಳುತ್ತೇನೆ.

ನೀರಿನ ಲೆಕ್ಕವೂ ಸಣ್ಣದಲ್ಲ. ನಿಮಿಷಕ್ಕೆ 2,000 ಲೀಟರ್ ಪಂಪ್ ಮಾಡಿದರೆ ಗಂಟೆಗೆ 120 ಘನ ಮೀಟರ್ ನೀರು ಹೋಗುತ್ತದೆ, ಒಂದಿಷ್ಟೂ ಮರಳುವುದಿಲ್ಲ. ನನ್ನ ಕೆಲಸ ಹೆಚ್ಚಾಗಿ ಸಮುದ್ರದ ರಿಗ್‌ಗಳಲ್ಲಿ ನಡೆಯುವುದರಿಂದ ನೀರಿಗೆ ಕೊರತೆಯಿಲ್ಲ, ರಿಗ್‌ನ ದಿನಬಾಡಿಗೆಯ ಮುಂದೆ ಆರ್‌ಸಿಡಿ ಬಾಡಿಗೆಯೂ ಭಾರವೆನಿಸುವುದಿಲ್ಲ. ನೀರನ್ನು ಟ್ಯಾಂಕರ್‌ನಲ್ಲಿ ತರಿಸಬೇಕಾದ ಬಾವಿಗೆ ನಾನು ಇದನ್ನು ಸೂಚಿಸಲಾರೆ. ಭಾಗಶಃ ನಷ್ಟಕ್ಕೂ ಇದು ಹೊಂದುವುದಿಲ್ಲ, ಏಕೆಂದರೆ ಪದರವು ನೀರನ್ನೂ ಪುಡಿಯನ್ನೂ ಪೂರ್ತಿಯಾಗಿ ನುಂಗುವಂತಿರಬೇಕು. ಅಲ್ಲಿ ಎಲ್‌ಸಿಎಂ ಸಾಕು. ತೈಲ, ಅನಿಲ ಇರುವ ಪದರಕ್ಕಿಂತ ಮೇಲೆ ಒಂದೇ ಒಂದು ಕಿರಿದಾದ ನಷ್ಟದ ಪದರವಿದ್ದು, ಅದರ ಕೆಳಗೆ ಕೇಸಿಂಗ್ (ಬಾವಿಯ ಗೋಡೆಗೆ ಹಾಕುವ ಉಕ್ಕಿನ ಕೊಳವೆ) ಇಳಿಸಿ ಸಿಮೆಂಟ್ ಮಾಡಲೇಬೇಕಿದ್ದರೆ ಮಾತ್ರ ನಾನು ಸಿಮೆಂಟ್ ಪ್ಲಗ್‌ಗೆ ಸಮಯ ಕೊಡುತ್ತೇನೆ.