ಉದ್ಯಮ್ ನೋಂದಣಿ: ಮನೆಯಿಂದ ಅನುವಾದ ಮಾಡುವವಳ ಮೂರು ವರ್ಷದ ಅನುಭವ

ಶಿವಮೊಗ್ಗದ ಮನೆಯಲ್ಲೇ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ, ಪದಕ್ಕಿಷ್ಟು ಎಂಬ ಲೆಕ್ಕದಲ್ಲಿ. ಕೆಲಸ ಬೇಕಾದಾಗ ರಾತ್ರಿ ಹತ್ತಕ್ಕೂ ಫೋನ್ ಮಾಡುವವರು, ದುಡ್ಡು ಕೇಳಿದರೆ ‘ಅಕೌಂಟ್ಸ್‌ನವರಿಗೆ ಹೇಳಿದೀನಿ ಮೇಡಂ’ ಎಂದು ತಿಂಗಳುಗಟ್ಟಲೆ ಸತಾಯಿಸುತ್ತಿದ್ದರು. ಗೆಳತಿಯ ಮಾತು ಕೇಳಿ, ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿಯಾದ ಉದ್ಯಮ್‌ನಲ್ಲಿ ಹೆಸರು ನೋಂದಾಯಿಸಿದೆ.

ನೋಂದಣಿ ಸಲೀಸು. ಆಧಾರ್, ಪ್ಯಾನ್, ಓಟಿಪಿ ಸಾಕು, ಬಿಡಿಗಾಸೂ ಖರ್ಚಿಲ್ಲ. ಶುಲ್ಕ ಕೇಳುವ ಖಾಸಗಿ ಜಾಲತಾಣಗಳಿವೆ, ಅತ್ತ ಹೋಗಬೇಡಿ. ಚಟುವಟಿಕೆ ‘ಸೇವೆ’ ಎಂದೇ ಇರಲಿ, ವ್ಯಾಪಾರಿಗಳಿಗೆ ತಡಪಾವತಿಯ ವಿರುದ್ಧ ರಕ್ಷಣೆ ಇಲ್ಲ.

ಇದರ ಬೆಲೆ ತಿಳಿದದ್ದು ಒಂದು ಏಜೆನ್ಸಿ 64,000 ರೂಪಾಯಿ ಬಾಕಿ ಉಳಿಸಿಕೊಂಡಾಗ. ಅಕ್ಟೋಬರ್‌ನಲ್ಲಿ ಒಪ್ಪಿಸಿದ ಕೆಲಸಕ್ಕೆ ಮಾರ್ಚ್‌ನಲ್ಲಿ ‘ಗುಣಮಟ್ಟ ಸರಿಯಿಲ್ಲ’ ಎಂದು ರಾಗ ತೆಗೆದರು. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ, 15 ದಿನದೊಳಗೆ ಬರಹದಲ್ಲಿ ಆಕ್ಷೇಪಿಸದಿದ್ದರೆ ಕೆಲಸ ಒಪ್ಪಿಕೊಂಡಂತೆಯೇ. ಒಪ್ಪಂದದಲ್ಲಿ ಏನೇ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ನನ್ನ ಹೆಸರಿನಲ್ಲಿ ಕಟ್ಟಿದ ತೆರಿಗೆಯ ವಿವರವಿರುವ 26ಎಎಸ್ ಪಟ್ಟಿ ತೆಗೆದು ನೋಡಿದೆ. ಅದೇ ಬಿಲ್ಲಿನ ಮೇಲೆ ಟಿಡಿಎಸ್, ಅಂದರೆ ಪಾವತಿಯಲ್ಲೇ ಮುರಿದುಕೊಳ್ಳುವ ತೆರಿಗೆ, ಕಟ್ಟಿಯಾಗಿತ್ತು! ಬಿಲ್ಲನ್ನು ತಮ್ಮ ಖರ್ಚಿಗೆ ಬರೆದುಕೊಂಡವರು ಕೆಲಸ ಸರಿಯಿಲ್ಲ ಅನ್ನುವುದು ಯಾವ ನ್ಯಾಯ?

ಇಷ್ಟನ್ನೂ ಮೇಲ್‌ನಲ್ಲಿ ಬರೆದು, ತಡಪಾವತಿಯ ದೂರಿಗೆಂದಿರುವ ಸರ್ಕಾರದ ಸಮಾಧಾನ್ ಪೋರ್ಟಲ್‌ನಲ್ಲಿ ದೂರು ಹಾಕುವುದಾಗಿ ತಿಳಿಸಿದೆ. ಇನ್ನೊಂದು ಸಾಲನ್ನೂ ಸೇರಿಸಿದ್ದೆ: 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 43ಬಿ(ಎಚ್) ಪ್ರಕಾರ, ಗಡುವು ಮೀರಿದ ಬಾಕಿಯನ್ನು ನಿಜವಾಗಿ ಕೊಡುವವರೆಗೂ ಖರ್ಚೆಂದು ತೋರಿಸಲಾಗದು. ನನ್ನ ಅಂದಾಜಿನಲ್ಲಿ ಅವರಿಗೆ ಬಿಸಿ ಮುಟ್ಟಿಸಿದ್ದು ಆ ಸಾಲೇ. ಮಾರ್ಚ್ ಮುಗಿಯುವ ಮುಂಚೆ ಟಿಡಿಎಸ್ ಕಳೆದು 57,600 ಖಾತೆಗೆ ಬಿತ್ತು. ಬಡ್ಡಿ ಕೊಡಲಿಲ್ಲ, ನಾನೂ ಪಟ್ಟು ಹಿಡಿಯಲಿಲ್ಲ. ಹಿಡಿಯಬೇಕಿತ್ತು.

ಇದಕ್ಕೂ ಮಿತಿಗಳಿವೆ. ವಿದೇಶದ ಗ್ರಾಹಕರ ಮೇಲೆ ಇದು ನಡೆಯದು, ಸಂಬಳದ ನೌಕರರಿಗೂ ಅನ್ವಯಿಸದು. ಕೆಲಸ ಶುರುವಾಗುವ ಮುಂಚೆಯೇ ನೋಂದಣಿ ಆಗಿರಲಿ. ಬಾಕಿ ಬಿದ್ದ ಮೇಲೆ ಓಡಿದರೆ ಅದೇ ತಕರಾರಾಗುತ್ತದೆ.

ಆ ಏಜೆನ್ಸಿ ಮತ್ತೆ ಕೆಲಸ ಕೊಟ್ಟಿಲ್ಲ. ಈಗ ಪ್ರತಿ ಬಿಲ್ಲಿನಲ್ಲೂ ಉದ್ಯಮ್ ಸಂಖ್ಯೆ, ಅದರ ಕೆಳಗೆ ಕೊಡಬೇಕಾದ ಕೊನೆಯ ದಿನಾಂಕ ಹಾಕುತ್ತೇನೆ. ಹೋದ ತಿಂಗಳ ಬಿಲ್ಲು 38ನೇ ದಿನಕ್ಕೆ ಬಂತು, ಒಂದು ಫೋನನ್ನೂ ಮಾಡದೆ.