ಬೆಲ್ ಏರ್, ಕ್ಯಾಡಿಲಾಕ್, ಮಸ್ಟಾಂಗ್: ಟಾಪ್ ಮಡಚುವ ಮೂರು ಹಳೇ ಅಮೆರಿಕನ್ ಕಾರುಗಳ ಹೋಲಿಕೆ

ರಿಸ್ಟೋರ್ ಮಾಡಿದ ಅಮೆರಿಕನ್ ಕನ್ವರ್ಟಿಬಲ್ ಕೊಳ್ಳಲು ಹೊರಟವರು ಹೆಚ್ಚಾಗಿ ಬಂದು ನಿಲ್ಲುವುದು ಮೂರು ಕಾರುಗಳ ಮುಂದೆ: 1957ರ ಶೆವ್ರೊಲೆ ಬೆಲ್ ಏರ್, 1959ರ ಕ್ಯಾಡಿಲಾಕ್ ಸೀರೀಸ್ 62, 1965ರ ಫೋರ್ಡ್ ಮಸ್ಟಾಂಗ್. ಹೊಸದಾಗಿ ಬಂದಾಗ ವಿ8 (ಎಂಟು ಸಿಲಿಂಡರ್) ಎಂಜಿನ್ನಿನ ಬೆಲ್ ಏರ್‌ಗೂ ಮಸ್ಟಾಂಗ್‌ಗೂ ಬೆಲೆ 2,600 ಡಾಲರ್ ಆಸುಪಾಸು. ಕ್ಯಾಡಿಲಾಕ್ 5,455 ಡಾಲರ್. ಆಯಾ ವರ್ಷ ತಯಾರಾದ ಕನ್ವರ್ಟಿಬಲ್‌ಗಳು ಬೆಲ್ ಏರ್‌ನಲ್ಲಿ 47,562, ಸೀರೀಸ್ 62ರಲ್ಲಿ 11,130. ಮಸ್ಟಾಂಗ್ 1965ರ ಮಾಡೆಲ್ ಒಂದೇ ಒಂದು ಲಕ್ಷ ದಾಟಿತು.

ಮೂರನ್ನೂ ಓಡಿಸಿ, ಲಿಫ್ಟ್ ಮೇಲೆ ಏರಿಸಿ ಅಡಿಯಿಂದ ನೋಡಿದ ಮೇಲೆ ನಮ್ಮ ಅಭಿಪ್ರಾಯ ಗಟ್ಟಿಯಾಗಿದೆ. ಬಣ್ಣ, ಸೀಟು, ಕಾರ್ಪೆಟ್ ನೋಡಿ ಬೆಲೆ ಕಟ್ಟಬಾರದು. ಕೇಳಬೇಕಾದ ಪ್ರಶ್ನೆ ಎರಡು. ತಲೆಯ ಮೇಲೆ ಉಕ್ಕಿನ ಚಾವಣಿ ಇಲ್ಲದ ಈ ಕಾರನ್ನು ಬಾಗದಂತೆ ಹಿಡಿದಿರುವ ಭಾಗ ಯಾವ ಸ್ಥಿತಿಯಲ್ಲಿದೆ? ಇದು ಕಾರ್ಖಾನೆಯಿಂದಲೇ ಕನ್ವರ್ಟಿಬಲ್ ಆಗಿ ಬಂದದ್ದೇ, ಅಥವಾ ಯಾರಾದರೂ ಹಾರ್ಡ್‌ಟಾಪ್ (ಮಡಚಲಾಗದ ಉಕ್ಕಿನ ಚಾವಣಿಯ ಕಾರು) ಕತ್ತರಿಸಿ ಮಾಡಿದ್ದೇ?

ಮಸ್ಟಾಂಗ್‌ಗೆ ಪ್ರತ್ಯೇಕ ಚಾಸಿಸ್ ಇಲ್ಲ. ನೆಲದ ತಗಡು, ಬಾಡಿ ಸೇರಿ ಒಂದೇ ಪೆಟ್ಟಿಗೆ. ಚಾವಣಿ ಹೋದಾಗ ಕಳೆದ ಬಿಗಿತವನ್ನು ಫೋರ್ಡ್ ಬಾಗಿಲಿನ ಕೆಳಗಿನ ರಾಕರ್‌ಗಳ ಒಳಗೆ ದಪ್ಪ ತಗಡು ಕೊಟ್ಟು, ಮುಂದಿನ ಎರಡು ಮೂಲೆಗೆ ಟಾರ್ಕ್ ಬಾಕ್ಸ್ ಎಂಬ ಗಟ್ಟಿ ಉಕ್ಕಿನ ಪೆಟ್ಟಿಗೆ ಬೆಸೆದು ತುಂಬಿಕೊಂಡಿತು. ತುಕ್ಕು ಮೊದಲು ತಿನ್ನುವುದೂ ಅಲ್ಲೇ. ಅದಕ್ಕೆ ಕಾರಣ ಕಾರಿನ ಮೇಲ್ಭಾಗದಲ್ಲಿದೆ. ಮುಂಗಾಜಿನ ಬುಡದಲ್ಲಿ ಗಾಳಿ ಒಳಗೆ ಬರುವ ಕೌಲ್ ಎಂಬ ಡಬ್ಬಿಯಲ್ಲಿ ಎಲೆ, ಮಣ್ಣು ಕೂತು ನೀರು ನಿಲ್ಲುತ್ತದೆ, ಡಬ್ಬಿ ತೂತಾಗುತ್ತದೆ, ನೀರು ಡ್ಯಾಶ್ ಹಿಂದಿನಿಂದ ಇಳಿದು ಕಾರ್ಪೆಟ್ ಅಡಿ ಸೇರಿ ನೆಲದ ತಗಡನ್ನು ತಿನ್ನುತ್ತದೆ. ಪರೀಕ್ಷೆ ಸುಲಭ: ಮುಂದಿನ ಕಾರ್ಪೆಟ್ ಎತ್ತಿಸಿ, ಕೌಲ್ ಜಾಲರಿಗೆ ಒಂದು ಬಕೆಟ್ ನೀರು ನಿಧಾನವಾಗಿ ಸುರಿಯಿರಿ, ಟಾರ್ಚ್ ಹಿಡಿದು ಡ್ಯಾಶ್ ಅಡಿ ನೋಡಿ. ಒಂದು ಹನಿ ಬಿದ್ದರೂ ಬೆಲೆ ಇಳಿಸಿ. ಸರಿಯಾದ ರಿಪೇರಿಗೆ ಫೆಂಡರ್ ಬಿಚ್ಚಿ, ಸ್ಪಾಟ್ ವೆಲ್ಡುಗಳನ್ನು ಒಂದೊಂದಾಗಿ ಕೊರೆದು ಕೌಲಿನ ಮೇಲ್ಭಾಗವನ್ನೇ ತೆಗೆಯಬೇಕು. ಮೇಲಿನಿಂದ ಸೀಲೆಂಟ್ ಸುರಿದು ಮುಚ್ಚಿದ ಕೆಲಸ ಎರಡು ಮಳೆಗಾಲಕ್ಕೂ ಬಾಳದು.

ಬೆಲ್ ಏರ್ ಇದಕ್ಕಿಂತ ಗಟ್ಟಿ. ಕೆಳಗೆ ಪೂರ್ತಿ ಚಾಸಿಸ್ ಇದೆ, ಕನ್ವರ್ಟಿಬಲ್‌ಗೆಂದೇ ಅದರ ನಡುವೆ ಎಕ್ಸ್ ಆಕಾರದ ಅಡ್ಡಪಟ್ಟಿ ಸೇರಿಸಿದ್ದಾರೆ. ಲಿಫ್ಟ್ ಮೇಲೆ ಏರಿಸಿದಾಗ ಮೊದಲು ಹುಡುಕಬೇಕಾದದ್ದು ಈ ಎಕ್ಸ್. ಅದು ಇಲ್ಲವೆಂದರೆ ನಿಮ್ಮೆದುರು ಇರುವುದು ಚಾವಣಿ ಕತ್ತರಿಸಿದ ಹಾರ್ಡ್‌ಟಾಪ್. ಮಾತುಕತೆ ಅಲ್ಲಿಗೇ ಮುಗಿಸಿ. ಇದ್ದರೆ ಅದರ ಬೆಸುಗೆ ಕಾರ್ಖಾನೆಯದೋ ಈಚಿನದೋ ನೋಡಿ.

ಕ್ಯಾಡಿಲಾಕ್‌ನ ಚಾಸಿಸ್ ಪೂರ್ತಿಯಾಗಿ ಎಕ್ಸ್ ಆಕಾರದ್ದು: ನಡುವೆ ಒಂದು ಕೊಳವೆ, ಅಲ್ಲಿಂದ ಮುಂದಕ್ಕೂ ಹಿಂದಕ್ಕೂ ಕವಲು. ಬಾಗಿಲ ಕೆಳಗೆ ಉದ್ದ ರೈಲುಗಳಿಲ್ಲ, ಹಾಗಾಗಿ ಪಕ್ಕದಿಂದ ಗುದ್ದು ಬಿದ್ದರೆ ತಡೆಯಲು ಬಾಡಿಯ ತಗಡೊಂದೇ. ಹಿಂದಿನ ಆಕ್ಸಲ್ ಮೇಲೆ ಏರಿ ಇಳಿಯುವ ಪೆಟ್ಟಿಗೆಯಾಕಾರದ ಭಾಗದಲ್ಲಿ ಮಣ್ಣು ತುಂಬಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹೊರಗೆ ಕಪ್ಪು ಬಣ್ಣ ಹೊಳೆಯುತ್ತಿದ್ದರೂ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹದ ಸದ್ದು ಸ್ಪಷ್ಟ, ಕೊಳೆತದ್ದು ಮಂದ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುವ ಮಿಷಿಗನ್, ಒಹಾಯೊ, ನ್ಯೂಜೆರ್ಸಿ ಕಡೆಯ ಕನ್ನಡಿಗರು ಮನೆ ಹತ್ತಿರದ ಕಾರಿಗೆ ಆಸೆಪಡದೆ ಅರಿಜೋನಾ ಅಥವಾ ಕ್ಯಾಲಿಫೋರ್ನಿಯಾದ ಒಣಪ್ರದೇಶದಲ್ಲಿ ಬಾಳಿದ ಕಾರು ಹುಡುಕಿ ಲಾರಿಯಲ್ಲಿ ತರಿಸಿಕೊಂಡರೆ ಒಳ್ಳೆಯದು. ಸಾಗಣೆ ಖರ್ಚು ಚಾಸಿಸ್ ರಿಪೇರಿಯ ಮುಂದೆ ಏನೂ ಅಲ್ಲ.

ಮೂರಕ್ಕೂ ನಾವು ಮಾಡುವ ಬಾಗಿಲ ಪರೀಕ್ಷೆ ಹೀಗೆ. ಸಮ ನೆಲದಲ್ಲಿ ನಿಲ್ಲಿಸಿ, ಬಾಗಿಲ ಹಿಂಬದಿಯ ಸಂದನ್ನು ಮೇಲೊಮ್ಮೆ ಕೆಳಗೊಮ್ಮೆ ಅಳೆಯಿರಿ. ಮುಂದಿನ ಚಕ್ರದ ಹಿಂದೆ ಜಾಕಿ ಕೊಟ್ಟು ಆ ಚಕ್ರ ನೆಲ ಬಿಡುವವರೆಗೆ ಎತ್ತಿ ಮತ್ತೆ ಅಳೆಯಿರಿ, ಬಾಗಿಲು ತೆರೆದು ಮುಚ್ಚಿ. ಸಂದು 3 ಮಿ.ಮೀ.ಗಿಂತ ಹೆಚ್ಚು ಬದಲಾದರೆ ಅಥವಾ ಲ್ಯಾಚ್ ತಾಗಿದರೆ ಮಸ್ಟಾಂಗ್‌ನಲ್ಲಿ ರಾಕರ್ ಹೋಗಿದೆ ಎಂದೇ ತಿಳಿಯಿರಿ. ಬೆಲ್ ಏರ್, ಕ್ಯಾಡಿಲಾಕ್‌ಗಳಲ್ಲಿ ಮೊದಲು ಚಾಸಿಸ್‌ಗೂ ಬಾಡಿಗೂ ನಡುವಿನ ರಬ್ಬರ್ ಬುಶ್‌ಗಳನ್ನು ಶಂಕಿಸಿ. ಅವು ಕುಸಿದಿದ್ದರೆ ಬದಲಿಸಿ ಶಿಮ್ (ತೆಳು ತಗಡಿನ ತುಂಡು) ಕೊಟ್ಟು ಬಾಗಿಲು ಸರಿಪಡಿಸಬಹುದು. ಜೊತೆಗೆ ಬಣ್ಣದ ದಪ್ಪ ಅಳೆಯುವ ಮೀಟರ್ ಇರಲಿ. ಮತ್ತೆ ಬಣ್ಣ ಹೊಡೆದ ತಗಡಿನಲ್ಲಿ 200ರಿಂದ 300 ಮೈಕ್ರಾನ್ ಸಹಜ, 500 ದಾಟಿದಲ್ಲಿ ಪುಟ್ಟಿ ಇದೆ.

ಕಾರಿನ ಗುರುತು ಪತ್ತೆ ಮಾಡುವುದರಲ್ಲಿ ಮೂರಕ್ಕೂ ಬಹಳ ವ್ಯತ್ಯಾಸ, ಕೊಳ್ಳುವವರು ಹೆಚ್ಚು ಮೋಸಹೋಗುವುದೂ ಇಲ್ಲೇ. ಕಾರ್ಖಾನೆ ಕೊಟ್ಟ ಮಸ್ಟಾಂಗ್‌ನ ನಂಬರ್ ಎಲ್ಲ ಹೇಳುತ್ತದೆ. ‘5ಎಫ್08ಸಿ’ ಎಂದು ಶುರುವಾದರೆ 5 ಎಂದರೆ 1965, ಎಫ್ ಎಂದರೆ ಡಿಯರ್‌ಬಾರ್ನ್ ಕಾರ್ಖಾನೆ (ಆರ್ ಇದ್ದರೆ ಸ್ಯಾನ್ ಹೋಸೆ, ಟಿ ಇದ್ದರೆ ಮೆಟಚನ್), 08 ಎಂದರೆ ಕನ್ವರ್ಟಿಬಲ್, ಸಿ ಎಂದರೆ 200 ಅಶ್ವಶಕ್ತಿಯ, 289 ಘನ ಇಂಚಿನ ವಿ8. 07 ಕಂಡರೆ ಅದು ಕೂಪೆ. ಕೊನೆಯ ಅಕ್ಷರ ಟಿ ಆಗಿದ್ದರೆ ಆರು ಸಿಲಿಂಡರ್‌ನ ಕಾರು. ಅದರಲ್ಲಿ ಈಗ ವಿ8 ಕೂತಿದ್ದರೆ ಚಕ್ರ ಬಿಚ್ಚಿಸಿ ನೋಡಿ. ಆರು ಸಿಲಿಂಡರ್‌ಗೆ ಚಕ್ರಕ್ಕೆ ನಾಲ್ಕು ನಟ್ಟು, ವಿ8ಗೆ ಐದು. ಎಂಜಿನ್ ಮಾತ್ರ ಬದಲಿಸಿ ಆಕ್ಸಲ್, ಬ್ರೇಕ್ ಹಳೆಯದೇ ಉಳಿಸಿದ್ದರೆ ಅಪಾಯ. ಬಾಗಿಲಿನ ತಗಡಿನ ಚೀಟಿಯನ್ನು ನಂಬಬೇಡಿ, ಹೊಸದಾಗಿ ಮಾಡಿಸಬಹುದು. ಚಾಲಕನ ಕಡೆಯ ಒಳಫೆಂಡರ್ ಏಪ್ರನ್ ಮೇಲೆ ಕೊರೆದ ನಂಬರ್ ಓದಿ.

ಬೆಲ್ ಏರ್‌ನ ‘ವಿಸಿ57’ ಎಂಬ ನಂಬರ್ ಹೇಳುವುದು ವಿ8, ಬೆಲ್ ಏರ್, 1957 ಅಷ್ಟೇ. ಕನ್ವರ್ಟಿಬಲ್ ಹೌದೋ ಅಲ್ಲವೋ ಅದರಲ್ಲಿಲ್ಲ. ಅದನ್ನು ಹೇಳುವುದು ಎಂಜಿನ್ ಹಿಂದಿನ ಗೋಡೆಗೆ ರಿವೆಟ್ ಹೊಡೆದ ಕೌಲ್ ಟ್ಯಾಗ್ ಎಂಬ ತಗಡಿನ ಚೀಟಿ: 57-1067ಡಿ ಕನ್ವರ್ಟಿಬಲ್, 57-1037ಡಿ ಎರಡು ಬಾಗಿಲ ಹಾರ್ಡ್‌ಟಾಪ್. ರಿವೆಟ್ ಬಿಚ್ಚಿ ಟ್ಯಾಗ್ ಬದಲಿಸಲು ಹೆಚ್ಚು ಹೊತ್ತು ಬೇಡ. ಈ ಕಾರಿನ ಎಲ್ಲ ತಗಡೂ ಹೊಸದಾಗಿ ಸಿಗುತ್ತದೆ. ಅದಕ್ಕೇ ಮೂರರಲ್ಲಿ ನಕಲಿ ಮಾಡಲು ಸುಲಭವಾದದ್ದು ಬೆಲ್ ಏರ್. ಟ್ಯಾಗ್, ಎಕ್ಸ್ ಅಡ್ಡಪಟ್ಟಿ, ಹಳೇ ಫೋಟೋ, ಮೂರೂ ಒಂದೇ ಮಾತು ಹೇಳಿದರೆ ಮಾತ್ರ ಮುಂದುವರಿಯಿರಿ.

ಜಾಹೀರಾತಿನಲ್ಲಿ ‘ಮ್ಯಾಚಿಂಗ್ ನಂಬರ್ಸ್’ (ಕಾರಿನ ನಂಬರಿಗೆ ಹೊಂದುವ, ಮೂಲ ಎಂಜಿನ್) ಎಂದು ಕಂಡರೆ ಇದು ನೆನಪಿರಲಿ: 1957ರ ಬೆಲ್ ಏರ್‌ನ ಎಂಜಿನ್ ಬ್ಲಾಕ್ ಮೇಲೆ ಕಾರಿನ ನಂಬರ್ ಇರುವುದೇ ಇಲ್ಲ. ಕಾರ್ಖಾನೆ, ತಾರೀಖು, ಎಂಜಿನ್ ಬಗೆಯ ಅಕ್ಷರ, ಇಷ್ಟೇ. ಎರಕದ ತಾರೀಖು ಕಾರು ಕಟ್ಟಿದ ದಿನಕ್ಕಿಂತ ಸ್ವಲ್ಪ ಹಿಂದಿನದಾಗಿದ್ದರೆ ‘ಕಾಲಕ್ಕೆ ಹೊಂದುವ ಎಂಜಿನ್’ ಎನ್ನಬಹುದು, ಅದಕ್ಕಿಂತ ಹೆಚ್ಚಲ್ಲ. ಮಸ್ಟಾಂಗ್‌ನಲ್ಲೂ 271 ಅಶ್ವಶಕ್ತಿಯ ಕೆ ಎಂಜಿನ್‌ಗೆ ಮಾತ್ರ ಕಾರಿನ ನಂಬರ್ ಕೊರೆಯುತ್ತಿದ್ದರು. ಕ್ಯಾಡಿಲಾಕ್ ಇಲ್ಲಿ ಗೆಲ್ಲುತ್ತದೆ: ಎಂಜಿನ್ ನಂಬರೇ ಕಾರಿನ ನಂಬರ್. ‘59ಎಫ್’ ಇದ್ದರೆ ಸೀರೀಸ್ 62 ಕನ್ವರ್ಟಿಬಲ್, ‘59ಇ’ ಇದ್ದರೆ 1,320 ಮಾತ್ರ ತಯಾರಾದ ಮೇಲ್ದರ್ಜೆಯ ಕನ್ವರ್ಟಿಬಲ್ ಎಲ್ಡೊರಾಡೊ ಬಿಯಾರಿಟ್ಸ್. ಎಫ್ ನಂಬರಿನ ಕಾರಿಗೆ ಬಿಯಾರಿಟ್ಸ್ ಅಲಂಕಾರ ಹಚ್ಚಿ ಮಾರುವವರಿದ್ದಾರೆ, ಎಚ್ಚರ.

ಆದರೆ ಕ್ಯಾಡಿಲಾಕ್ ಖರ್ಚಿಗೆ ಕೊನೆಯಿಲ್ಲ, ಅದಕ್ಕೆ ಕಾರಣ ಕ್ರೋಮ್. ದೀಪದ ಕವಚ, ಲಾಂಛನದಂಥ ಭಾಗಗಳು ಸತುವಿನ ಎರಕ. ಅದರಲ್ಲಿ ಗುಳಿ ಬಿದ್ದರೆ ಹಳೇ ಲೇಪ ತೆಗೆದು, ಗುಳಿ ಕೊರೆದು, ತಾಮ್ರ ಹತ್ತಿಸಿ ಉಜ್ಜಿ, ಮತ್ತೆ ತಾಮ್ರ ಹತ್ತಿಸಿ ಉಜ್ಜಿ, ಆಮೇಲೆ ನಿಕ್ಕಲ್, ಕೊನೆಗೆ ಕ್ರೋಮ್. ಅವಸರದಲ್ಲಿ ತಾಮ್ರದ ಲೇಪ ಕಡಿಮೆ ಮಾಡಿದ ಕೆಲಸ ಒಂದೆರಡು ವರ್ಷಕ್ಕೆ ಗುಳ್ಳೆ ಎದ್ದು ನಿಲ್ಲುತ್ತದೆ. ಕಳೆದುಹೋದ ಒಂದು ಅಲಂಕಾರದ ಪಟ್ಟಿ ಹುಡುಕಲು ತಿಂಗಳುಗಳು ಬೇಕು. ಮಸ್ಟಾಂಗ್‌ಗಾದರೆ ಅದೇ ಮಧ್ಯಾಹ್ನ ಆರ್ಡರ್ ಕೊಡಬಹುದು. ಹಾಗಾಗಿ ಕ್ಯಾಡಿಲಾಕ್ ನೋಡುವಾಗ ಎಂಜಿನ್ ನಿಂತಿದ್ದರೂ ಚಿಂತೆಯಿಲ್ಲ, ಕ್ರೋಮ್ ತುಣುಕು ಒಂದೂ ಬಿಡದೆ ಇರಬೇಕು.

ಓಡಿಸುವ ಮಾತು ಚಿಕ್ಕದು. ಮಸ್ಟಾಂಗ್ ಉಬ್ಬುತಗ್ಗಿನಲ್ಲಿ ಸ್ಟೀರಿಂಗ್ ಬಳಿ ನಡುಗುತ್ತದೆ, ಆದರೆ ಹಗುರ, ಇಂದಿನ ಟ್ರಾಫಿಕ್‌ಗೆ ಹೊಂದುತ್ತದೆ. ಬೆಲ್ ಏರ್‌ನ ಪವರ್‌ಗ್ಲೈಡ್ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸಿಗೆ ಎರಡೇ ಗೇರು. ಏರಿನಲ್ಲಿ ಹಿಂದಿನ ಕಾರುಗಳಿಗೆ ದಾರಿ ಬಿಡಬೇಕಾಗುತ್ತದೆ. ಕ್ಯಾಡಿಲಾಕ್‌ನದು 390 ಘನ ಇಂಚಿನ ಎಂಜಿನ್, 325 ಅಶ್ವಶಕ್ತಿ, ಹೆದ್ದಾರಿಯಲ್ಲಿ ಅದರ ನೆಮ್ಮದಿ ಬೇರೆಲ್ಲೂ ಇಲ್ಲ. ತೂಕ ಮಾತ್ರ ಸುಮಾರು 2,200 ಕೆಜಿ, ನಾಲ್ಕೂ ಕಡೆ ಡ್ರಮ್ ಬ್ರೇಕ್. ಉದ್ದ ಇಳಿಜಾರಿನಲ್ಲಿ ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಉದ್ದ 225 ಇಂಚು. 20 ಅಡಿಯ ಗ್ಯಾರೇಜಿನಲ್ಲಿ ಉಳಿಯುವುದು ಒಂದೂಕಾಲು ಅಡಿ, ಕೊಳ್ಳುವ ಮೊದಲು ಟೇಪ್ ಹಿಡಿಯಿರಿ. ಮೂರರಲ್ಲೂ ಬ್ರೇಕ್ ಮಾಸ್ಟರ್ ಸಿಲಿಂಡರ್ ಒಂದೇ ಸರ್ಕ್ಯೂಟಿನದು, ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಎರಡು ಸರ್ಕ್ಯೂಟಿನದು ಹಾಕಿಸಿ, ಹಳೆಯದನ್ನು ಪೆಟ್ಟಿಗೆಯಲ್ಲಿಡಿ. ಇದರಿಂದ ಬೆಲೆ ಇಳಿಯುತ್ತದೆಂಬ ವಾದವನ್ನು ನಾವು ಒಪ್ಪುವುದಿಲ್ಲ.

ಓಡಿಸಲು ಕೊಳ್ಳುವವರಿಗೆ ಸಿ ಅಥವಾ 225 ಅಶ್ವಶಕ್ತಿಯ ಎ ಎಂಜಿನ್ನಿನ ಮಸ್ಟಾಂಗ್. ಸಂಗ್ರಹಕ್ಕೆ, ಕೈಯಲ್ಲಿ ಹಣವೂ ತಾಳ್ಮೆಯೂ ಇದ್ದರೆ, ಕ್ರೋಮ್ ಪೂರ್ತಿ ಇರುವ ಎಫ್ ನಂಬರಿನ ಕ್ಯಾಡಿಲಾಕ್. ಬೆಲ್ ಏರ್ ನಮಗೆ ಮೂರರಲ್ಲೂ ಹೆಚ್ಚು ಇಷ್ಟ, ಆದರೆ ದಾಖಲೆ ಗಟ್ಟಿಯಿಲ್ಲದ ಬೆಲ್ ಏರ್‌ಗೆ ಹಾರ್ಡ್‌ಟಾಪ್‌ನ ಬೆಲೆಗಿಂತ ಒಂದು ಡಾಲರ್ ಹೆಚ್ಚು ಕೊಡಬೇಡಿ.

ಯಾವುದೇ ತಂದರೂ ಟಾಪ್ ಎತ್ತಲು ಹೈಡ್ರಾಲಿಕ್ ಪಂಪ್ ಇದ್ದರೆ ಅದರಲ್ಲಿ ಯಾವ ದ್ರವ ಇದೆ ಎಂದು ಮೊದಲು ತಿಳಿದುಕೊಳ್ಳಿ. ಬ್ರೇಕ್ ಆಯಿಲ್‌ಗೆ ಮಾಡಿದ ಹಳೇ ಸೀಲುಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ (ಎಟಿಎಫ್) ಸುರಿದರೆ ರಬ್ಬರ್ ಊದಿ ಪಂಪ್, ಸಿಲಿಂಡರ್ ಎರಡೂ ಕೆಡುತ್ತವೆ. ಬ್ರೇಕ್ ಆಯಿಲ್ ಸೋರಿದರೆ ಬಣ್ಣವನ್ನು ತಿನ್ನುತ್ತದೆ. ಎಂಜಿನ್‌ಗೆ ಸತುವಿನ ಅಂಶ ಹೆಚ್ಚಿರುವ ಆಯಿಲ್ ಹಾಕಿ, ಇಲ್ಲದಿದ್ದರೆ ಕ್ಯಾಮ್ ಸವೆಯುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಾಕುವುದಾದರೆ ಹಳೇ ರಬ್ಬರ್ ಪೈಪುಗಳನ್ನೆಲ್ಲ ಅದೇ ವಾರ ಬದಲಿಸಿ.